ಮೂರಕ್ಷರದ ಕನ್ನಡ, ಬ್ರೌಸರ್ ಲೆಕ್ಕದಲ್ಲಿ ಐದು

ಗುರುತಿನ ಚೀಟಿಯ ಆನ್‌ಲೈನ್ ಅರ್ಜಿಯಲ್ಲಿ ಹೆಸರಿನ ಮಿತಿ 15. ‘ಲಕ್ಷ್ಮೀನಾರಾಯಣಸ್ವಾಮಿ’ ಎಂದು ಬರೆಯಹೊರಟರೆ ‘ಲಕ್ಷ್ಮೀನಾರಾಯಣಸ್’ ಎಂಬಲ್ಲಿಗೆ ಕೀಲಿಮಣೆ ಮೊಂಡು ಹಿಡಿಯುತ್ತಿತ್ತು. ಬೆರಳು ಮಡಚಿ ಎಣಿಸಿದರೆ ಇಡೀ ಹೆಸರಿಗೆ ಎಂಟೇ ಅಕ್ಷರ. ಬೆಳಿಗ್ಗೆ ಬಂದ ಈ ದೂರು ಅರ್ಧ ಗಂಟೆಯ ಕೆಲಸ ಅನ್ನಿಸಿತ್ತು. ಇಡೀ ದಿನ ತಿಂದಿತು.

ಎಚ್‌ಟಿಎಂಎಲ್‌ನಲ್ಲಿ ಉದ್ದಕ್ಕೆ ಮಿತಿ ಹಾಕುವ ಮ್ಯಾಕ್ಸ್‌ಲೆಂಗ್ತ್ ಆಗಲಿ, ಬ್ರೌಸರ್‌ನ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಉದ್ದ ಹೇಳುವ ಲೆಂಗ್ತ್ ಆಗಲಿ ಎಣಿಸುವುದು ಅಕ್ಷರವನ್ನಲ್ಲ, 16 ಬಿಟ್‌ಗಳ ತುಣುಕುಗಳನ್ನು. ವ್ಯಂಜನಕ್ಕೊಂದು, ವಿರಾಮಕ್ಕೊಂದು (‘ನ’ವನ್ನು ‘ನ್’ ಮಾಡುವ ಚಿಹ್ನೆ), ಗುಣಿತದ ಚಿಹ್ನೆಗೊಂದು. ‘ಕನ್ನಡ’ ಹೀಗೆ ಐದಾಗುತ್ತದೆ; ಮೇಲಿನ ಹೆಸರು 19. ಹದಿನೈದನೆಯ ತುಣುಕು ‘ಸ’ದ ಮೇಲಿನ ವಿರಾಮ, ಬೇಲಿ ಬಿದ್ದದ್ದು ಸರಿಯಾಗಿ ಅಲ್ಲೇ. ಜಾವಾಸ್ಕ್ರಿಪ್ಟ್‌ನ ಮಾನಕ ಇಸಿಎಂಎ-262 ಹೊರಬಂದದ್ದು 1997ರಲ್ಲಿ. ಆಗಿನ ಅಳತೆಗೋಲನ್ನು ಈಗ ಬದಲಿಸಿದರೆ ಹಳೆಯ ಪುಟಗಳು ಮುರಿಯುತ್ತವೆ. ಹಾಗಾಗಿ ಮಾನಕ ಸಮಿತಿ ಟಿಸಿ39 ಹಳೆಯದನ್ನು ಮುಟ್ಟುವುದಿಲ್ಲ, ಪಕ್ಕದಲ್ಲಿ ಹೊಸದನ್ನು ಇಡುತ್ತದೆ.

ಹಾಗೆ ಪಕ್ಕದಲ್ಲಿ ಇಟ್ಟದ್ದೇ ಇಂಟಲ್ ಸೆಗ್ಮೆಂಟರ್ (Intl.Segmenter). ಪಠ್ಯವನ್ನು ಓದುಗರ ಕಣ್ಣಿಗೆ ಒಂದಾಗಿ ಕಾಣುವ ಘಟಕಗಳಾಗಿ ಒಡೆಯುವುದು ಅದರ ಕೆಲಸ. ಟಿಸಿ39ರಲ್ಲಿ ಪ್ರಸ್ತಾಪವೊಂದು ಹಂತ ಹಂತವಾಗಿ ಏರಬೇಕು. ಮತ ಹಾಕಿ ಗೆಲ್ಲುವಂತಿಲ್ಲ, ಸಹಮತ ಬೇಕು. ನಾಲ್ಕನೆಯ, ಅಂದರೆ ಕೊನೆಯ ಹಂತ ತಲುಪಲು ಪರೀಕ್ಷೆಗಳನ್ನು ಪಾಸಾಗುವ ಎರಡು ಅಳವಡಿಕೆಗಳಾದರೂ ಇರಬೇಕು. ಸೆಗ್ಮೆಂಟರ್ ಬೇರೆ ಬೇರೆ ಭಾಷೆಗಳಿಗೆ ಹೊಂದುವ ಸೌಲಭ್ಯಗಳ ಜೊತೆ-ಮಾನಕ ಇಸಿಎಂಎ-402ರ 2022ರ ಆವೃತ್ತಿಗೆ ಸೇರಿತು. ಕ್ರೋಮ್‌ಗೆ ಅದು 2020ರಲ್ಲೇ ಬಂದಿತ್ತು, ಸಫಾರಿಗೆ 2021ರಲ್ಲಿ. ಫೈರ್‌ಫಾಕ್ಸ್‌ಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ. ಹಳೆಯ ಬ್ರೌಸರ್ ಬಳಸುವವರೂ ಇರುತ್ತಾರಲ್ಲ, ಇದೆಯೋ ಇಲ್ಲವೋ ನೋಡಿಯೇ ಕರೆಯಬೇಕು.

ಕರೆದಾಯಿತು. ‘ಕನ್ನಡ’ ನಾಲ್ಕಾಯಿತು: ಕ, ನ್, ನ, ಡ. ಹೆಸರು ಹನ್ನೊಂದಾಯಿತು. ಮಧ್ಯಾಹ್ನ ಪೂರ್ತಿ ನುಂಗಿದ್ದು ಇದೇ. ತಪ್ಪು ನಮ್ಮ ಕೋಡ್‌ನಲ್ಲಿರಲಿಲ್ಲ, ಬ್ರೌಸರ್‌ನಲ್ಲಿಯೂ ಇರಲಿಲ್ಲ. ಒಡೆಯುವ ನಿಯಮ ಬರುವುದು ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಮಾನಕ ಯೂನಿಕೋಡ್‌ನಿಂದ. 2023ರ ಯೂನಿಕೋಡ್ 15.1 ಒತ್ತಕ್ಷರವನ್ನು ಒಡೆಯದೆ ಇಡುವ ನಿಯಮ ತಂದಾಗ ಅದನ್ನು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯಿಸಿತು. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಆ ನಿಯಮದಂತೆ ತೆಲುಗಿನ ‘ಸ್ತ್ರೀ’ ಒಂದು, ಕನ್ನಡದ ‘ಸ್ತ್ರೀ’ ಮೂರು! ಇದನ್ನು ಟಿಸಿ39ರ ಮುಂದೆ ಒಯ್ದು ಪ್ರಯೋಜನವಿಲ್ಲ. ಕೇಳಬೇಕಾದದ್ದು ಯೂನಿಕೋಡ್‌ ಬಾಗಿಲಲ್ಲಿ.

ಅಲ್ಲಿಯವರೆಗೆ ತೇಪೆ ಹಚ್ಚಬೇಕು. ಸೆಗ್ಮೆಂಟರ್ ಕೊಟ್ಟ ಒಂದು ಘಟಕ ವಿರಾಮದಲ್ಲಿ ಮುಗಿದು ಮುಂದಿನದು ಕನ್ನಡ ವ್ಯಂಜನದಿಂದ ಶುರುವಾದರೆ ಎರಡನ್ನೂ ಕೂಡಿಸಿ. ‘ರಾಜ್‌ಕುಮಾರ್’ನಲ್ಲಿ ‘ಜ್’ ಆದಮೇಲೆ ಕಣ್ಣಿಗೆ ಕಾಣದ, ಒತ್ತಕ್ಷರವಾಗದಂತೆ ತಡೆಯುವ ಚಿಹ್ನೆ ಝಡ್‌ಡಬ್ಲ್ಯುಎನ್‌ಜೆ ಇರುತ್ತದೆ. ಘಟಕ ಅದರಲ್ಲಿ ಮುಗಿಯುವುದರಿಂದ ‘ಜ್’ ಮತ್ತು ‘ಕು’ ಬೇರೆಯಾಗಿಯೇ ಉಳಿಯುತ್ತವೆ, ಉಳಿಯಬೇಕಾದದ್ದೂ ಹಾಗೆಯೇ. ವ್ಯಂಜನಗಳ ಪಟ್ಟಿಯನ್ನು ಕ-ಹ ಎಂದು ನಿಲ್ಲಿಸಬೇಡಿ: ಹಳಗನ್ನಡದ ೞ ಯೂನಿಕೋಡ್ ಕೋಷ್ಟಕದಲ್ಲಿ ದೂರ ಕುಳಿತಿದೆ.

ಅದೇ ಝಡ್‌ಡಬ್ಲ್ಯುಎನ್‌ಜೆ ಹೆಸರಿನ ತಪಾಸಣೆಯನ್ನೂ ಕೆಡಿಸಿತ್ತು. ಪಠ್ಯ ಒಂದು ಮಾದರಿಗೆ ಹೊಂದುತ್ತದೆಯೇ ಎಂದು ನೋಡುವ ಜಾವಾಸ್ಕ್ರಿಪ್ಟ್ ರೆಜೆಕ್ಸ್‌ನಲ್ಲಿ 2018ರಿಂದ ಯೂನಿಕೋಡ್ ವರ್ಗಗಳನ್ನು ಬಳಸಬಹುದು. ‘ಲೆಟರ್’ ವರ್ಗ ಒಂದನ್ನೇ ಕೊಟ್ಟರೆ ‘ಕನ್ನಡ’ವೇ ಫೇಲ್, ಏಕೆಂದರೆ ವಿರಾಮವೂ ಗುಣಿತವೂ ‘ಮಾರ್ಕ್’ ವರ್ಗದವು. ಎರಡನ್ನೂ ಕೊಟ್ಟರೂ ರಾಜ್‌ಕುಮಾರ್ ಒಳಗೆ ಬರಲಾರ. ಝಡ್‌ಡಬ್ಲ್ಯುಎನ್‌ಜೆ ಎರಡಕ್ಕೂ ಸೇರದು, ಅದನ್ನೂ ‘ರ‍್ಯಾ’ ಬರೆಯಲು ಬೇಕಾದ ಇನ್ನೊಂದು ಕಾಣದ ಚಿಹ್ನೆ ಝಡ್‌ಡಬ್ಲ್ಯುಜೆಯನ್ನೂ ಹೆಸರಿಟ್ಟು ಸೇರಿಸಬೇಕು. ಉಳಿಸುವ ಮೊದಲು ಎನ್‌ಎಫ್‌ಸಿ ನಾರ್ಮಲೈಸ್ ಮಾಡಿ, ಅಂದರೆ ಬೇರೆ ಬೇರೆ ರೀತಿ ಬಂದದ್ದನ್ನು ಒಂದೇ ರೂಪಕ್ಕೆ ತನ್ನಿ. ‘ಕೋ’ ಎರಡು ತುಣುಕಾಗಿಯೂ ನಾಲ್ಕಾಗಿಯೂ ಬರಬಹುದು, ಕಣ್ಣಿಗೆ ಒಂದೇ, ಹುಡುಕಿದರೆ ಸಿಗದು.

ಸಂಜೆ ಯಾರೋ ಕೇಳಿದರು, ಈ 15 ಎಲ್ಲಿಂದ ಬಂತು? ಮುದ್ರಿತ ಚೀಟಿಯ ಅಗಲದಿಂದ. ಅಗಲವನ್ನು ಅಕ್ಷರ ಎಣಿಸಿ ತಿಳಿಯುವುದಾದರೂ ಹೇಗೆ? ‘ಣ’ ಮತ್ತು ‘ರ’ ಒಂದೇ ಅಗಲವಲ್ಲ, ಒತ್ತಕ್ಷರ ಅಗಲಕ್ಕಿಂತ ಎತ್ತರವನ್ನೇ ಹೆಚ್ಚು ಕೇಳುತ್ತದೆ. ಮ್ಯಾಕ್ಸ್‌ಲೆಂಗ್ತ್ ಕಿತ್ತುಹಾಕಿ, ಚೀಟಿಯ ಫಾಂಟಿನಲ್ಲೇ ಕ್ಯಾನ್ವಾಸ್‌ನ ಮೆಷರ್‌ಟೆಕ್ಸ್ಟ್‌ನಿಂದ ಅಗಲ ಅಳೆದು, ಹೆಚ್ಚಾದರೆ ಎರಡನೆಯ ಸಾಲಿಗೆ ಇಳಿಸಿದ್ದಾಯಿತು. ಡೇಟಾಬೇಸ್‌ನಲ್ಲಿ 50 ಬೈಟ್‌ನ ಕಾಲಂ ಇತ್ತು. ಪಠ್ಯವನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ತುಣುಕಿಗೆ ಮೂರರಂತೆ ಲಕ್ಷ್ಮೀನಾರಾಯಣಸ್ವಾಮಿಗೆ 57 ಬೇಕು. ಅದನ್ನೂ ಹಿಗ್ಗಿಸಬೇಕಾಯಿತು.