ಬ್ಲಾಕ್ ಮಾಡಿದ್ರೆ ನನ್ ದುಡ್ಡು?

ಮಂಗಳವಾರ ರಾತ್ರಿ ಒಂಬತ್ತೂಮುಕ್ಕಾಲಿಗೆ ತಿಪಟೂರಿಂದ ಅತ್ತೆ ಫೋನು. "ಎಟಿಎಂ ಕಾರ್ಡ್ ಕಾಣ್ತಿಲ್ಲ ಕಣೋ, ನೀನ್ ಇದೇ ಕೆಲ್ಸ ತಾನೆ ಮಾಡೋದು?" ಹೌದು, ಇದೇ ಕೆಲ್ಸ. ಏಳು ವರ್ಷದಿಂದ ಬೆಂಗ್ಳೂರಲ್ಲಿ ಕೂತು ಕಾರ್ಡ್ ಆ್ಯಪ್‌ಗಳ ಸ್ಕ್ರೀನ್ ಡಿಸೈನ್ ಮಾಡ್ತಿದೀನಿ. ಅತ್ತೆ ಬ್ಯಾಂಕಿನ ಆ್ಯಪ್ ನಾವು ಮಾಡಿದ್ದಲ್ಲ, ಸದ್ಯ ಬಚಾವ್ ಅಂದ್ಕೊಂಡೆ.

ಸ್ಕ್ರೀನ್ ಶೇರ್ ಮಾಡಿಸೋಣ ಅಂದ್ರೆ ಬ್ಯಾಂಕ್ ಆ್ಯಪ್ ಅಲ್ವಾ, ಕಪ್ಪಾಗುತ್ತೆ. ಅದು ಇರೋದೂ ಸರೀನೇ, ಇಲ್ಲಾಂದ್ರೆ ಕಳ್ಳರಿಗೆ ಹಬ್ಬ. ಸರಿ, ಸ್ಪೀಕರ್‌ಗೆ ಹಾಕಿ ಕಾಣೋದನ್ನೆಲ್ಲ ಓದು ಅಂದೆ. ಅತ್ತೆ ಅಂಗನವಾಡಿ ಟೀಚರ್ ಆಗಿದ್ದೋರು, ಓದೋದಂದ್ರೆ ಒಂದಕ್ಷರ ಬಿಡಲ್ಲ. ಹಿಂದುಗಡೆ ಮಾವ "ಕಾರ್ಡೇ ಬೇಡ ಅಂತ ಅವತ್ತೇ ಬಡ್ಕೊಂಡೆ" ಅಂತ ಕೂಗ್ತಿದ್ರು, ಅವ್ರು ಯಾವತ್ತೂ ಅಷ್ಟೇ, ಹುಡುಕೋಕೆ ಏಳಲ್ಲ.

"ಹಾಟ್‌ಲಿಸ್ಟ್ ಅಂತಿದೆ ಮಗ, ಯಾವ್ದೋ ಆಫರ್ ಇರ್ಬೇಕು, ಬಿಡ್ಲಾ?"

ಬಿಡ್ಬೇಡ ಅತ್ತೆ, ಅದೇ! ಕಳೆದೋದ ಕಾರ್ಡನ್ನ ಬ್ಲಾಕ್ ಮಾಡೋದಕ್ಕೆ ಬ್ಯಾಂಕಿನೋರು ಹಾಟ್‌ಲಿಸ್ಟ್ ಮಾಡೋದು ಅಂತಾರೆ, ಅವರ ಒಳಗಿನ ಮಾತು, ಅದನ್ನ ಹಂಗೇ ತಂದು ಬಟನ್ ಮೇಲೆ ಅಂಟಿಸಿದಾರೆ. ಭಾಷೆ ಕನ್ನಡಕ್ಕೆ ಬದಲಾಯಿಸು ಅಂದೆ, ಅದು "ಬಿಸಿ ಪಟ್ಟಿ" ಆಯ್ತು. ನಗೂ ಬಂತು, ಸಿಟ್ಟೂ ಬಂತು. ಒತ್ತಿಸ್ದೆ. ಮುಂದಿನ ಸ್ಕ್ರೀನಲ್ಲಿ "ಈ ಕ್ರಿಯೆಯನ್ನು ಹಿಂತೆಗೆದುಕೊಳ್ಳಲಾಗದು, ನೀವು ಖಚಿತವಾಗಿರುವಿರಾ" ಅಂತ ಬಂತಂತೆ. ಅಲ್ಲಿ ಅತ್ತೆ ನಿಂತ್ಬಿಟ್ರು.

"ಬ್ಲಾಕ್ ಮಾಡಿದ್ರೆ ನನ್ ದುಡ್ಡೂ ಬ್ಲಾಕ್ ಆಗಲ್ವೇನೋ? ಕೊಬ್ಬರಿ ದುಡ್ಡೆಲ್ಲ ಅದ್ರಲ್ಲೇ ಇದೆ."

ಈ ವಾರ ಪೂರ್ತಿ ಈ ಮಾತು ತಲೇಲಿ ಓಡ್ತಾ ಇದೆ. ಕಾರ್ಡ್ ಬೇರೆ ಖಾತೆ ಬೇರೆ, ಕಾರ್ಡ್ ನಿಂತ್ರೂ ದುಡ್ಡು ಖಾತೇಲೇ ಇರುತ್ತೆ, ಪಾಸ್‌ಬುಕ್ ತಗೊಂಡ್ಹೋಗಿ ಬ್ಯಾಂಕಲ್ಲಿ ತೆಗೀಬೋದು, ಫೋನ್‌ಪೇನೂ ನಡಿಯುತ್ತೆ ಯಾಕಂದ್ರೆ ಅದು ಖಾತೆಗೆ ಸೇರಿರೋದು, ಇದೆಲ್ಲ ನಂಗೆ ಎಷ್ಟು ಗೊತ್ತು ಅಂದ್ರೆ ಯಾರಿಗಾದ್ರೂ ಗೊತ್ತಿರಲ್ಲ ಅನ್ನೋದೇ ಹೊಳೆದಿರ್ಲಿಲ್ಲ. ಬ್ಯಾಂಕಿನೋರ ಭಯ ಬೇರೆ. ಕಾರ್ಡಲ್ಲಿ ಟ್ಯಾಪ್, ಅಂದ್ರೆ ಮಷೀನಿಗೆ ಬರೀ ತಾಗಿಸಿ ದುಡ್ಡು ಕೊಡೋದು, ಆನ್ ಇದ್ರೆ 5000 ರೂಪಾಯಿವರೆಗೆ ಪಿನ್ನೇ ಬೇಕಿಲ್ಲ, 2021ರ ಜನವರೀಲಿ ಆ ಮಿತೀನ 2000ದಿಂದ ಏರಿಸಿದ್ರು, ಹಂಗಾಗಿ ಬೇಗ ಬ್ಲಾಕ್ ಮಾಡ್ಸಿ ಅನ್ನೋದು ಅವರ ಅವಸರ. ಅತ್ತೆ ಭಯ ಕೊಬ್ಬರಿ ದುಡ್ಡಿಂದು. ಸ್ಕ್ರೀನ್ ಬ್ಯಾಂಕಿನ ಭಯಕ್ಕೆ ಮಾತ್ರ ಉತ್ತರ ಹೇಳ್ತಿತ್ತು.

ನಮ್ಮ ಆಫೀಸಿಂದೂ ಏನ್ ಕಮ್ಮಿ ಇಲ್ಲ. ಕಾರ್ಡಿಗೆ ಆನ್-ಆಫ್ ಸ್ವಿಚ್ ಕೊಡ್ಲೇಬೇಕು ಅಂತ ರಿಸರ್ವ್ ಬ್ಯಾಂಕ್ 2020ರಲ್ಲಿ ಹೇಳ್ತು, ದೇಶದೊಳಗೆ, ವಿದೇಶ, ಎಟಿಎಂ, ಅಂಗಡಿ ಮಷೀನು, ಆನ್‌ಲೈನ್, ಟ್ಯಾಪ್, ಎಲ್ಲಕ್ಕೂ. ಒಳ್ಳೇ ನಿಯಮನೇ. ನಾವು ಮಾಡಿದ್ದೇನು? ಸುತ್ತೋಲೇಲಿದ್ದ ಪದಗಳನ್ನೇ ಸಾಲಾಗಿ ಇಟ್ಟು ಪಕ್ಕದಲ್ಲಿ ಒಂದೊಂದು ಸ್ವಿಚ್ ಹಾಕಿದ್ವಿ, ಅಂಗಡೀಲಿ ಉಜ್ಜೋದಕ್ಕೆ 'ಪಿಓಎಸ್' ಅಂತ ಬರೆದು ಕೈ ತೊಳ್ಕೊಂಡ್ವಿ. ಟೆಂಪರರಿ ಲಾಕ್‌ಗೆ ಮಂಜಿನ ಹರಳಿನ ಐಕಾನು, ಅದರ ನೀಲಿ ಬಣ್ಣಕ್ಕೇ ಎರಡು ಮೀಟಿಂಗು. ಟೆಸ್ಟಿಂಗ್‌ಗೆ ಕರ್ಸಿದ್ದ ಐದು ಜನಾನೂ ಬೆಂಗ್ಳೂರಿನ ಟೆಕ್ಕಿಗಳ ಏರಿಯಾ ಎಚ್‌ಎಸ್‌ಆರ್ ಲೇಔಟ್ ಕಡೆಯೋರೇ, ಪಟಪಟ ಒತ್ತಿ ಕಾಫಿ ಕುಡ್ದು ಹೋದ್ರು. ಐದಕ್ಕೆ ಐದೂ ಪಾಸ್ ಅಂತ ಪಿಪಿಟಿ ಮಾಡಿದ್ದು ನಾನೇ. ನಮ್ಮ ಪ್ರಾಡಕ್ಟ್ ಮ್ಯಾನೇಜರ್ ಆ ಸ್ಲೈಡನ್ನ ಇನ್ನೂ ತೋರಿಸ್ತಿರ್ತಾನೆ, ಪಾಪ ಒಳ್ಳೇ ಹುಡ್ಗ, ಆದ್ರೆ ಕಳೆದೋದ ಕಾರ್ಡ್ ಹುಡುಕ್ತಾ ಕೈ ನಡುಗೋರನ್ನ ಅವ್ನೂ ನೋಡಿಲ್ಲ, ನಾನೂ ನೋಡಿರ್ಲಿಲ್ಲ.

ಅವತ್ತು ರಾತ್ರಿ ಧೈರ್ಯ ಹೇಳಿ ಒತ್ತಿಸ್ದೆ. ಬ್ಲಾಕ್ ಆಯ್ತು ಅಂತ ಮೆಸೇಜೂ ಬಂತು.

ಬುಧವಾರ ಬೆಳಿಗ್ಗೆ ಏಳೂವರೆಗೆ ಮತ್ತೆ ಫೋನು. ಕಾರ್ಡ್ ಸಿಕ್ತು. ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರ್ ಒಳಗೆ, ಹಿಂದಿನ ರಟ್ಟಿಗೆ ಅಂಟ್ಕೊಂಡಿತ್ತಂತೆ. "ಈಗ ಆನ್ ಮಾಡೋದು ಹೆಂಗೋ?"

ಆಗಲ್ಲ ಅತ್ತೆ. ಹಾಟ್‌ಲಿಸ್ಟ್ ಆದ್ಮೇಲೆ ಆ ಕಾರ್ಡ್ ಸತ್ತಂಗೆ, ಹೊಸದು ಅಂಚೇಲಿ ಬರ್ಬೇಕು, ಫೀಸೂ ಹಿಡ್ಕೊಳ್ತಾರೆ. ನಿನ್ನೆ ಅದರ ಹಿಂದಿನ ಸ್ಕ್ರೀನಲ್ಲೇ ಸ್ವಿಚ್‌ಗಳಿದ್ವು, ಎಲ್ಲ ಆಫ್ ಮಾಡಿ ಬೆಳಗಾನ ಕಾದಿದ್ರೆ ಸಾಕಿತ್ತು. ಅದೇ ಸ್ವಿಚ್ ಡಿಸೈನ್ ಮಾಡಿರೋ ನಂಗೇ ಆ ಗಡಿಬಿಡೀಲಿ ನೆನಪಾಗ್ಲಿಲ್ಲ. ಅತ್ತೆ ಬೈಲಿಲ್ಲ. "ನಿಂಗೂ ಗೊತ್ತಾಗ್ಲಿಲ್ವಾ, ಹೋಗ್ಲಿ ಬಿಡು, ನಾನೊಬ್ಳೇ ದಡ್ಡಿ ಅಂದ್ಕೊಂಡಿದ್ದೆ" ಅಂದ್ರು. ಬೈದಿದ್ರೇ ಚೆನ್ನಾಗಿತ್ತು.

ಗುರುವಾರ ಆಫೀಸಲ್ಲಿ ನಮ್ಮ ಬ್ಲಾಕ್ ಸ್ಕ್ರೀನ್ ಓಪನ್ ಮಾಡಿ ಬಟನ್ ಮೇಲ್ಗಡೆ ಎರಡು ವಾಕ್ಯ ಸೇರಿಸ್ದೆ: "ಕಾರ್ಡ್ ಮಾತ್ರ ನಿಲ್ಲುತ್ತೆ, ನಿಮ್ಮ ದುಡ್ಡು ಖಾತೆಯಲ್ಲೇ ಇರುತ್ತೆ. ಇನ್ನೂ ಹುಡುಕ್ತಿದ್ರೆ ಈಗ ಲಾಕ್ ಮಾಡಿ, ಸಿಕ್ಕಿದ್ಮೇಲೆ ತೆಗೀಬೋದು." ಸಂಜೆ ಹೊತ್ತಿಗೆ ನಾವು ಡಿಸೈನ್ ಮಾಡೋ ಸಾಫ್ಟ್‌ವೇರ್ ಫಿಗ್ಮಾದಲ್ಲಿ ಕಾಮೆಂಟ್ ಬಂದಿತ್ತು, ಕನ್ನಡದಲ್ಲಿ ಮೂರು ಸಾಲಿಗೆ ಹೋಗ್ತಿದೆ, ಬಟನ್ ಕೆಳಗೆ ಸರಿಯುತ್ತೆ, ಶಾರ್ಟ್ ಮಾಡೋಕಾಗುತ್ತಾ ಅಂತ. ಇವತ್ತು ಶನಿವಾರ, ಇನ್ನೂ ರಿಪ್ಲೈ ಮಾಡಿಲ್ಲ.