ಸುಮ್ನೆ ಕೂತ ಕಾರ್ಡ್‌ಗೆ ಶೇ. 41 ಕೆಲಸ ಎಲ್ಲಿಂದ ಬಂತು?

ನಿನ್ನೆ ರಾತ್ರಿ ಹನ್ನೊಂದೂವರೆಗೆ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ನಿಂತಿತು. ಮೂರು ವಾರದ ಮೇಲೆ ಕೋಣೆಯಲ್ಲಿ ಕುಂದಾಪುರದ ಆಷಾಢದ ಮಳೆ ಸದ್ದು ಕೇಳಿಸಿತು. ಪಕ್ಕದ ಕೋಣೆಯಿಂದ ಅಮ್ಮ, "ನಿನ್ನ ಮಿಕ್ಸಿ ನಿಂತ್ತಾ ಮಾರಾಯ?" ಎಂದರು. ನಿಂತಿತು ಅಮ್ಮಾ, ನಿಂತಿತು!

ಕಾರ್ಡ್ ಜಿಟಿಎಕ್ಸ್ 1660 ಸೂಪರ್, ಸೆಕೆಂಡ್ ಹ್ಯಾಂಡ್. ಎದುರಿಗೆ 144 ಹರ್ಟ್ಸ್ ಮಾನಿಟರ್, ಪಕ್ಕದಲ್ಲಿ ಹಳೇ 60 ಹರ್ಟ್ಸ್‌ದು. ಏನೂ ತೆರೆಯದೆ ಕೂತರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಬಳಕೆ ಶೇ. 18. ಡ್ರೈವರ್ ಪೂರ್ತಿ ತೆಗೆದು ಮತ್ತೆ ಹಾಕಿದ್ದು, ವೈರಸ್ ಸ್ಕ್ಯಾನ್, ಬ್ರೌಸರ್‌ನ ಹಾರ್ಡ್‌ವೇರ್ ಆಕ್ಸಿಲರೇಷನ್ ಬಂದ್ ಮಾಡಿದ್ದು ಎಲ್ಲ ಆಯಿತು. ನೀವೂ ಅದನ್ನೇ ಮಾಡಿರುತ್ತೀರಿ, ಹೇಳುವುದಿಲ್ಲ.

ಗೆಳೆಯರೊಬ್ಬರು ಮೈನರ್ ವೈರಸ್, ಅಂದರೆ ನಮ್ಮ ಕಾರ್ಡನ್ನು ಕದ್ದು ದುಡಿಸಿ ಕ್ರಿಪ್ಟೋ ಹಣ ಗಳಿಸುವಂಥದ್ದು, ಇರಬಹುದು ಎಂದರು. ಅಂಥ ಕೆಲವು ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಅಡಗಿಬಿಡುತ್ತವೆ. ಹಾಗಾಗಿ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ (ಕಾರ್ಡಿನ ವ್ಯಾಟ್, ವೇಗ ತೋರಿಸುವ ಪ್ರೋಗ್ರಾಂ) ಓಡಿಸಿಟ್ಟು ಅರ್ಧ ಗಂಟೆ ನೋಡಿದೆ. 34 ವ್ಯಾಟ್, ಮೇಲೆ ಹೋಗಲೇ ಇಲ್ಲ. 125 ವ್ಯಾಟ್ ಎಳೆಯಬಲ್ಲ ಕಾರ್ಡ್ ಸಿಕ್ಕರೆ ಮೈನರ್ 34ಕ್ಕೆ ಸುಮ್ಮನಿರುತ್ತದಾ? ಆ ಅನುಮಾನ ಅಲ್ಲಿಗೆ ಬಿಟ್ಟೆ.

ಆದರೆ ಅದೇ ಪರದೆಯಲ್ಲಿ ಇನ್ನೊಂದು ಕಂಡಿತು. ಮೆಮೊರಿ ಕ್ಲಾಕ್, ಅಂದರೆ ಮೆಮೊರಿ ಓಡುವ ವೇಗ, 7001 ಮೆಗಾಹರ್ಟ್ಸ್‌ನಲ್ಲೇ ನಿಂತಿತ್ತು. ಕೆಲಸ ಇಲ್ಲದಾಗ 405ಕ್ಕೆ ಇಳಿಯಬೇಕು. ಎರಡು ಮಾನಿಟರ್‌ಗಳ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬ ಹರ್ಟ್ಸ್ ಲೆಕ್ಕ) ಹೊಂದದಿದ್ದರೆ ಹೀಗಾಗುವುದುಂಟು. 144 ಅನ್ನು 120 ಮಾಡಿದೆ. ಮೆಮೊರಿ 405, ಕೋರ್ 300 ಮೆಗಾಹರ್ಟ್ಸ್, 19 ವ್ಯಾಟ್. ಆಹಾ! ಟಾಸ್ಕ್ ಮ್ಯಾನೇಜರ್ ನೋಡಿದರೆ ಶೇ. 41.

ಇಲ್ಲೇ ನನ್ನ ನಾಲ್ಕು ದಿನ ಹೋಯಿತು. ಕರೆಂಟ್ ಅರ್ಧಕ್ಕೆ ಇಳಿದಿದೆ, ಶೇಕಡಾ ಮಾತ್ರ ಎರಡು ಪಟ್ಟು! ವಿಂಡೋಸ್ ಅನ್ನೇ ಹೊಸದಾಗಿ ಹಾಕಿದೆ. ಆಗಲೂ 41.

ಆಮೇಲೆ ಹೊಳೆಯಿತು. ಆ ಶೇಕಡಾ ಕೆಲಸದ ಅಳತೆಯಲ್ಲ, ಕಾರ್ಡ್ ಎಷ್ಟು ಹೊತ್ತು ಬಿಡುವಿಲ್ಲದೆ ಇತ್ತು ಎಂಬುದರ ಅಳತೆ. ಒಂದು ಸೇರು ಅಕ್ಕಿ ಗ್ರೈಂಡರ್‌ನಲ್ಲಿ ಬೇಗ ಮುಗಿಯುತ್ತದೆ, ಒರಳಿನಲ್ಲಿ ಅದೇ ಅಕ್ಕಿಗೆ ಬೆಳಗ್ಗೆಯೆಲ್ಲ ಬೇಕು. ಕ್ಲಾಕ್ 300ಕ್ಕೆ ಇಳಿದದ್ದರಿಂದ ಅದೇ ಚೂರು ಕೆಲಸ ದೊಡ್ಡದಾಗಿ ಕಂಡಿತು. ವ್ಯಾಟ್ ಮತ್ತು ಕ್ಲಾಕ್ ಜೊತೆಗಿಟ್ಟು ನೋಡದೆ ಇನ್ನು ಶೇಕಡಾ ನಂಬುವುದಿಲ್ಲ.

ಆದರೂ ಆ ಚೂರು ಕೆಲಸ ಯಾರದ್ದು? ಪಟ್ಟಿಯಲ್ಲಿದ್ದ ಹೆಸರು ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್. ಅದು ಎಲ್ಲರ ವಿಂಡೋಗಳನ್ನೂ ಜೋಡಿಸಿ ಪರದೆಗೆ ಹಾಕುವ ಪ್ರೋಗ್ರಾಂ. ಬೇರೆ ಯಾರೋ ತಮ್ಮ ವಿಂಡೋ ಬಿಡದೆ ಬದಲಾಯಿಸುತ್ತಿದ್ದರೆ ಲೆಕ್ಕ ಇದರ ಹೆಸರಿಗೆ ಬೀಳುತ್ತದೆ. ಉಂಡವರು ಯಾರೋ, ಬಿಲ್ ಇದಕ್ಕೆ.

ಪಕ್ಕದ ಮಾನಿಟರ್ ಕೇಬಲ್ ಕಿತ್ತರೆ ಶೇ. 4ಕ್ಕೆ ಇಳಿಯಿತು. ಕೇಬಲ್ಲೇ ಸರಿ ಇಲ್ಲವೇನೋ ಎಂದು ಹೊಸದು ತರಿಸಿದೆ. ಡಿಸ್‌ಪ್ಲೇಪೋರ್ಟ್ ಕೇಳಿದರೆ ಅಂಗಡಿಯವರು ಎಚ್‌ಡಿಎಂಐ ಕಳಿಸಿದರು. ಎರಡನೇ ಸಲ ಸರಿಯಾದದ್ದೇ ಬಂತು, ಕ್ಲಿಪ್ ಮುರಿದಿತ್ತು. ಒಂದು ಕೇಬಲ್‌ಗೆ ಹನ್ನೊಂದು ದಿನ! ಈ ಕಾರ್ಡ್ ಕೊಟ್ಟವರೂ ಅಷ್ಟೇ, ಚಿಪ್‌ನ ಬಿಸಿ ದಾಟಿಸುವ ಪೇಸ್ಟ್ ಬಗ್ಗೆ "ಹೊಸ ಪೇಸ್ಟ್ ಹಾಕಿದ್ದೇವೆ" ಎಂದಿದ್ದರು. ಬಿಚ್ಚಿದರೆ ಒಣಗಿದ ಸುಣ್ಣ.

ನಿನ್ನೆ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಯುಪಿಎಸ್ ಬೀಪ್ ಎಂದಿತು. ಪಕ್ಕದ ಮಾನಿಟರ್ ಮೂಲೆಯಲ್ಲಿ ಯುಪಿಎಸ್ ಸಾಫ್ಟ್‌ವೇರ್‌ನ ಪುಟ್ಟ ವಿಂಡೋ. ಪ್ಲಗ್‌ನಿಂದ ಬ್ಯಾಟರಿಗೆ ಹರಿಯುತ್ತಿದ್ದ ಹಸಿರು ಬಾಣ ತಿರುಗಿ, ಬ್ಯಾಟರಿಯಿಂದ ಮನೆಗೆ ಹರಿಯತೊಡಗಿತು. ಎಷ್ಟು ನಯವಾಗಿ ಹರಿಯುತ್ತಿತ್ತೆಂದರೆ, ನೋಡುತ್ತಾ ಕೂತವನು ಥಟ್ಟನೆ ಎದ್ದು ಕೂತೆ. ಆ ಬಾಣ ಹಗಲೂ ರಾತ್ರಿ ಹರಿಯುತ್ತಲೇ ಇದೆ! ಅರೆಪಾರದರ್ಶಕ ವಿಂಡೋ ಬೇರೆ, ಹಿಂದಿನದನ್ನೂ ಬೆರೆಸಿ ತೋರಿಸಬೇಕು.

ವಿಂಡೋಸ್ ಹೊಸದಾಗಿ ಹಾಕಿದಾಗಲೂ, ಮಳೆಗಾಲ ಅಲ್ವಾ, ಮೊದಲು ಹಾಕಿದ ಸಾಫ್ಟ್‌ವೇರೇ ಅದು. ಕೇಬಲ್ ಕಿತ್ತಾಗ ಆ ವಿಂಡೋ ಎದುರಿನ ಮಾನಿಟರ್‌ಗೆ ಬಂದು, ಟಾಸ್ಕ್ ಮ್ಯಾನೇಜರ್‌ನ ಹಿಂದೆ ಮುಚ್ಚಿಹೋಗುತ್ತಿತ್ತು. ಕಾಣದ ವಿಂಡೋಗೆ ಖರ್ಚಿಲ್ಲ. ಕೇಬಲ್ ಮೇಲೆ ಸುಮ್ನೆ ಅನುಮಾನ ಪಟ್ಟೆ.

ಸಾಫ್ಟ್‌ವೇರ್ ಮುಚ್ಚಿ, ಸ್ಟಾರ್ಟಪ್‌ನಿಂದಲೂ ತೆಗೆದೆ. ಶೇ. 3. ವ್ಯಾಟ್ 11. ಎರಡು ನಿಮಿಷದಲ್ಲಿ ಫ್ಯಾನ್ ನಿಂತಿತು. ನನ್ನ ಯುಪಿಎಸ್ ಅನ್ನು ಯುಎಸ್‌ಬಿ ಮೂಲಕ ವಿಂಡೋಸ್ ತಾನೇ ಬ್ಯಾಟರಿ ಎಂದು ಗುರುತಿಸುತ್ತದೆ, ಚಾರ್ಜ್ ಇಳಿದಾಗ ಕಂಪ್ಯೂಟರ್ ಆರಿಸುತ್ತದೆ. ಆ ಸಾಫ್ಟ್‌ವೇರ್ ನನಗೆ ಬೇಕಾಗಿಯೇ ಇರಲಿಲ್ಲ.

ಈ ಕಾರ್ಡ್ ತಂದದ್ದೇ 3ಡಿ ಚಿತ್ರ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್‌ಗಾಗಿ. ಬಡಗುತಿಟ್ಟು ಯಕ್ಷಗಾನದ ತಲೆಯುಡುಗೆಯಾದ ಕೇದಗೆ ಮುಂದಲೆಯನ್ನು 3ಡಿಯಲ್ಲಿ ಮಾಡಬೇಕು ಎಂದು ಎರಡು ವರ್ಷದ ಆಸೆ. ಬಟ್ಟೆಯ ಸುತ್ತು, ಜರಿಯ ಪಟ್ಟಿ ಒಂದೊಂದಾಗಿ ಬರಬೇಕು, ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕಟ್ಟುವ ಹಾಗೆಯೇ. ಸುತ್ತಿನ ಮಡಿಕೆ ಇನ್ನೂ ಹಗ್ಗದಂತೆ ಕಾಣುತ್ತಿದೆ, ಅದರ ಗೋಳು ಮುಂದಿನ ಸಲ.

ಬಾಣ ನಿಲ್ಲಿಸುವ ಆಯ್ಕೆ ಕೊಡಿ ಎಂದು ಯುಪಿಎಸ್‌ನವರಿಗೆ ಇವತ್ತು ಬೆಳಗ್ಗೆ ಮೇಲ್ ಹಾಕಿದ್ದೇನೆ. ವ್ಯಾಟ್ ಲೆಕ್ಕದ ಚಿತ್ರವನ್ನೂ ಜೊತೆಗಿಟ್ಟಿದ್ದೇನೆ.