ಮೂರನೇ ತೂಬು

ಪ್ಲೇಜರಿಸಂ, ಅಂದರೆ ಕೃತಿಚೌರ್ಯದ ರಿಪೋರ್ಟಿನಲ್ಲಿ ಎಲ್ಲರೂ ಮೊದಲು ನೋಡೋದು ಮೇಲೆ ದಪ್ಪಕ್ಕೆ ಅಚ್ಚಾಗಿರುವ ಅಂಕಿಯನ್ನು. ನನ್ನದು 37 ಇತ್ತು. ಹೊಟ್ಟೆ ತೊಳಸಿದ ಹಾಗಾಯಿತು.

ನನ್ನ ಪಿಎಚ್‌ಡಿ ವಿಷಯ ತುಮಕೂರು ಜಿಲ್ಲೆಯ ಹಳೇ ಕೆರೆಗಳು. ಬರೆದದ್ದು ಇಂಗ್ಲಿಷಿನಲ್ಲಿ. ಥೀಸಿಸ್ ಕೊಡುವ ಮುಂಚೆ ಅದನ್ನು, ಬೇರೆಯವರ ಬರಹಕ್ಕೆ ಶೇಕಡಾ ಎಷ್ಟು ಹೋಲುತ್ತೆ ಅಂತ ನೋಡುವ ಸಾಫ್ಟ್‌ವೇರಿಗೆ ಹಾಕಿಸಬೇಕು. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ. 10ರೊಳಗಿದ್ದರೆ ತಂಟೆಯಿಲ್ಲ. 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಅದನ್ನೂ ದಾಟಿದರೆ ಒಂದು ವರ್ಷ ತಿದ್ದಿದ್ದನ್ನೂ ಕೊಡುವಂತಿಲ್ಲ. 60 ದಾಟಿದರೆ ರಿಜಿಸ್ಟ್ರೇಶನ್ನೇ ರದ್ದು.

"ಗಾಬರಿ ಆಗ್ಬೇಡಿ ಮೇಡಂ, ರೆಫರೆನ್ಸ್ ಲಿಸ್ಟ್ ಬಿಟ್ಟು ಇನ್ನೊಂದ್ಸಲ ಹಾಕೋಣ" ಎಂದರು ಲೈಬ್ರರಿಯವರು. 19ಕ್ಕೆ ಇಳಿಯಿತು. ಉಳಿದದ್ದು ನನ್ನ ಸೋಮಾರಿತನ. ಯಾವ್ಯಾವುದೋ ಲೇಖನದ ಸಾಲುಗಳನ್ನು ನೋಟ್ಸಿಗೆ ಅಂಟಿಸಿಕೊಂಡಿದ್ದೆ. ಆಮೇಲೆ ಅವು ನನ್ನವೋ ಅವರವೋ ನನಗೇ ಮರೆತಿತ್ತು. ಒಂದು ವಾರ ಕೂತು ತಿದ್ದಿದೆ. ನಿಜ ಹೇಳಬೇಕೆಂದರೆ ಕೆಲವು ಕಡೆ ಪದ ಬದಲಾಯಿಸಿ ಸಾಫ್ಟ್‌ವೇರ್ ಹಚ್ಚಿದ್ದ ಬಣ್ಣ ಅಳಿಸಿದೆ, ಅಷ್ಟೇ. 8 ಬಂದ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಟೀ ಕೊಡಿಸಿದೆ.

ಮಾರನೇ ದಿನ ಗೈಡ್ ಕರೆಸಿದರು. ಮೇಜಿನ ಮೇಲೆ ನಾಲ್ಕನೇ ಅಧ್ಯಾಯ. ಸಾಫ್ಟ್‌ವೇರ್ ಒಂದೇ ಒಂದು ಗೆರೆಯನ್ನೂ ಎಳೆಯದಿದ್ದ ಮೂರು ಪುಟಗಳು.

"ಈ ಕೆರೆಗೆ ಎಷ್ಟು ತೂಬು ಅಮ್ಮಾ?"

"ಮೂರು ಸರ್."

ಅವರು ಏನೂ ಹೇಳದೆ ಅನುಬಂಧದ ಫೋಟೋ ತೆಗೆದಿಟ್ಟರು. ಕೆರೆ ಏರಿಯ, ಅಂದರೆ ಕಟ್ಟೆಯ ಮೇಲೆ ನಿಂತು ನಾನೇ ತೆಗೆದದ್ದು. ಕೋಡಿಯಿಂದ ಕೋಡಿಗೆ ಇಡೀ ಕೆರೆ ಕಾಣುತ್ತೆ. ತೂಬು ಅಂದರೆ ಕೆರೆ ನೀರನ್ನು ಗದ್ದೆಗೆ ಬಿಡುವ ಕಿಂಡಿ. ಅದರ ಕಲ್ಲುಕಂಬಗಳು ಎರಡೇ ಜಾಗದಲ್ಲಿವೆ.

"ನಿನ್ನ ಕಣ್ಣು ಎರಡು ನೋಡಿದೆ. ಬರೆದಿದ್ದು ಮೂರು. ಈ ಮೂರು ಯಾರದು?"

ಸುಮ್ನೆ ನಿಂತೆ. ಆ ಮೂರು ಒಬ್ಬ ನಿವೃತ್ತ ಮೇಷ್ಟ್ರದು. ಸುಮಾರು ಐವತ್ತು ವರ್ಷದ ಹಿಂದೆ ಅವರು ತಮ್ಮ ಊರಿನ ಬಗ್ಗೆ ಕನ್ನಡದಲ್ಲಿ ಒಂದು ಪುಟ್ಟ ಪುಸ್ತಕ ಬರೆದು, ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದ್ದರು. ಇಂಟರ್ನೆಟ್ಟಿನಲ್ಲಿ ಅದರ ಸುಳಿವೂ ಇಲ್ಲ. ಯಾವ ತೂಬಿನ ನೀರು ಯಾವ ಗದ್ದೆ ಬಯಲಿಗೆ, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಗೆ ಸುಗ್ಗಿಯಲ್ಲಿ ಎಷ್ಟು ಭತ್ತ, ಎಲ್ಲ ಅದರಲ್ಲಿತ್ತು. ನಾನು ಇಂಗ್ಲಿಷಿಗೆ ತಿರುಗಿಸಿ ಹಾಕಿಕೊಂಡಿದ್ದೆ. ಹೆಸರು ಹಾಕಿರಲಿಲ್ಲ. ಅನುವಾದ ಮಾಡಿದ ಶ್ರಮ ನನ್ನದೇ ಅಲ್ವಾ ಅಂತ ಒಂದು ಸಮಾಧಾನ. ಜೊತೆಗೆ, ಹಳ್ಳಿ ಮೇಷ್ಟ್ರ ಪುಸ್ತಕವನ್ನು ಥೀಸಿಸ್ಸಿನಲ್ಲಿ ತೋರಿಸಿದರೆ ತೂಕ ಕಮ್ಮಿ ಆಗುತ್ತೆ ಅನ್ನೋ ಸಣ್ಣತನ. ಇಂಗ್ಲಿಷ್ ಪ್ರೊಫೆಸರುಗಳ ಹೆಸರನ್ನು ಮಾತ್ರ ಬೇಡದ ಕಡೆಯೂ ತುರುಕಿದ್ದೆ.

ಗೈಡ್ ಬೈದಿದ್ದರೆ ಸಲೀಸಾಗಿತ್ತು. "ಹೋಗಿ ಕೇಳ್ಕೊಂಡು ಬಾ" ಎಂದರು, ಅಷ್ಟೇ.

ಮೇಷ್ಟ್ರು ತೀರಿಹೋಗಿದ್ದರು. ನೀರುಗಂಟಿ ಅಜ್ಜ ಸಿಕ್ಕಿದ. ವಯಸ್ಸು ಎಂಬತ್ತರ ಮೇಲೆ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ನನಗಿಂತ ಬಿರುಸಾಗಿ ಏರಿ ಹತ್ತಿದ. ಮೂಡಲ ಕೋಡಿಯ ಹತ್ತಿರ ಲಂಟಾನ ಪೊದೆಯನ್ನು ಕೋಲಿನಿಂದ ಸರಿಸಿದ. ಒಳಗೆ ಒಂದು ಕಲ್ಲುಕಂಬ, ಮೊಣಕಾಲಿನಷ್ಟು ಮಾತ್ರ ಮೇಲಿತ್ತು.

"ಇದೇ ಕಣಮ್ಮ ಮೂರನೇದು. ಹೂಳು ತುಂಬ್ತು. ಒಂದು ಮಳೆಗಾಲ ಪಕ್ಕದಲ್ಲೇ ಏರಿ ಸೋರೋಕೆ ಶುರುವಾಯ್ತು. ಊರು ಉಳೀಬೇಕಲ್ಲ, ರಾತ್ರೋರಾತ್ರಿ ಕಲ್ಲು ಮಣ್ಣು ತುಂಬಿ ಮುಚ್ಚಿಸಿದ್ರು. ಈ ತೂಬಿನ ಕೆಳಗಿದ್ದ ಗದ್ದೆ ಆಮೇಲೆ ರಾಗಿ ಹೊಲ ಆಯ್ತು."

ಮೇಷ್ಟ್ರು ಬರೆದದ್ದು ಸರಿಯಾಗೇ ಇತ್ತು. ಅವರ ಹೆಸರು ತೆಗೆದು ನನ್ನದು ಮಾಡಿಕೊಂಡಾಗ ಅದು ತಪ್ಪಾಗಿತ್ತು. "ಇಂಥವರು ಬರೆಯುವಾಗ ಮೂರಿತ್ತು, ನಾನು ಹೋದಾಗ ಎರಡಿತ್ತು" ಎಂದು ಬರೆದ ಕೂಡಲೇ ನಡುವಿನ ಐವತ್ತು ವರ್ಷ ಎದ್ದು ನಿಂತವು. ಆ ಅಧ್ಯಾಯದಲ್ಲಿ ಈಗ ಓದುವಂಥದ್ದು ಏನಾದರೂ ಇದ್ದರೆ, ಗದ್ದೆ ಹೊಲವಾದ ಆ ಎರಡು ಪುಟ.

ಹೊರಡುವಾಗ ಅಜ್ಜನ ಪೂರ್ತಿ ಹೆಸರು ಕೇಳಿದೆ, ಅಡಿಟಿಪ್ಪಣಿಗೆ ಬೇಕು ಅಂತ. "ಯಾಕೆ?" ಅಂದ. ನೀವು ಹೇಳಿದ್ದನ್ನು ಬರೀತೀನಲ್ಲ, ಅದಕ್ಕೆ ಅಂದೆ.

ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ನಂದು ಬೇಡ. ನಮ್ಮಪ್ಪಂದು ಹಾಕು. ಆ ರಾತ್ರಿ ನೀರಿಗೆ ಇಳಿದು ಮುಚ್ಚಿದ್ದು ಅವನು. ನಾನು ದಡದಲ್ಲಿ ಲಾಂದ್ರ ಹಿಡ್ಕೊಂಡು ನಿಂತಿದ್ದೆ."

ಅಡಿಟಿಪ್ಪಣಿಯಲ್ಲಿ ಇಬ್ಬರ ಹೆಸರೂ ಇದೆ. ಲಾಂದ್ರದ ವಿಷಯವೂ ಇದೆ.